ದೊಡ್ಡವ್ವನ ಕುರ್ಚಿಗೆ ನನ್ನ ಅಳತೆ

ಮನುಷ್ಯನ ಕಷ್ಟಗಳಲ್ಲಿ ಅರ್ಧಕ್ಕರ್ಧ ಕೆಟ್ಟ ಹಿಡಿಕೆಗಳಿಂದ ಬಂದವು, ಉಳಿದರ್ಧ ತಪ್ಪು ಎತ್ತರಗಳಿಂದ ಬಂದವು! ಈ ಮಹಾಸತ್ಯ ನನಗೆ ಹೊಳೆದದ್ದು ಮುಂಬಯಿಯಲ್ಲಿ. ಹೊಳೆದ ಕ್ಷಣದಲ್ಲೇ ನಾನು, ಕುಮಟೆಯ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ದುರ್ಗಪ್ಪ, ಇವೆರಡನ್ನೂ ಬೇರೆಲ್ಲಿಂದ ಅಲ್ಲದಿದ್ದರೂ ನಮ್ಮ ಮನೆಯಿಂದ ಹೊರಗಟ್ಟಿಯೇ ಸಿದ್ಧ ಎಂದು ಶಪಥ ಮಾಡಿದೆ.

ನಾವು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷ ಕಳೆದಿದ್ದರೂ ನಮ್ಮ ಕಡೆಯವರಿಗೆ ದೊಡ್ಡ ಊರೆಂದರೆ ಆಗಿನ್ನೂ ಮುಂಬಯಿಯೇ. ಬೇಸಿಗೆ ರಜೆಯಲ್ಲಿ ಶಾಲೆಗೆ ಬಣ್ಣ, ಕುಂಚ ತರಲು ಹೋದವನು ಅಲ್ಲೊಂದು ಪ್ರದರ್ಶನಕ್ಕೆ ನುಗ್ಗಿದೆ. ಆಸ್ಪತ್ರೆಯ ಸಾಮಾನು, ಅಡುಗೆಮನೆಯ ಸಾಮಾನು, ಎಲ್ಲವೂ ಹೊಸ ನಮೂನೆ. ಸಂಧಿವಾತದ ಬೆರಳಿಗೂ ಹಿಡಿಯಲು ಬರುವ ದಪ್ಪ ಹಿಡಿಕೆಯ ಚಮಚ, ಮಲಗಿದಲ್ಲೇ ನೀರು ಕುಡಿಯಲು ಕೊಕ್ಕಿನ ಲೋಟ, ನಡೆಯಲಾರದವರಿಗೆ ಕೂತಲ್ಲೇ ಎಲ್ಲವೂ ಆಗುವಂಥ ಕುರ್ಚಿ. ಸೂಟು ತೊಟ್ಟ ಮಹಾಶಯರೊಬ್ಬರು ಇಂಗ್ಲೀಷಿನಲ್ಲಿ ಭಾಷಣ ಮಾಡುತ್ತಿದ್ದರು. "ಮನುಷ್ಯ ವಸ್ತುವಿಗೆ ಹೊಂದಿಕೊಳ್ಳಬಾರದು, ವಸ್ತು ಮನುಷ್ಯನಿಗೆ ಹೊಂದಿಕೊಳ್ಳಬೇಕು" ಎಂದರು. ಚಪ್ಪಾಳೆ ತಟ್ಟಿದವರಲ್ಲಿ ನಾನೇ ಮೊದಲಿಗ. "ಅದಕ್ಕೆ ನಾವು ಮೊದಲು ಮಾಡಬೇಕಾದ ಕೆಲಸವೆಂದರೆ" ಎಂದು ಅವರು ಮುಂದುವರಿಸುವಷ್ಟರಲ್ಲಿ ಎದುರಿನ ಉಡುಪಿ ಹೋಟೆಲಿನಿಂದ ದೋಸೆಯ ಪರಿಮಳ ಬಂತು. ತತ್ತ್ವ ಹೇಗೂ ಕೈಗೆ ಸಿಕ್ಕಿದೆ, ವಿವರ ನಾನೇ ನೋಡಿಕೊಂಡೇನು ಎಂದು ಎದ್ದು ಬಂದುಬಿಟ್ಟೆ. ದೋಸೆ ಚೆನ್ನಾಗಿತ್ತು.

ಊರಿಗೆ ಬಂದವನ ಮೊದಲ ಪ್ರಯೋಗಕ್ಕೆ ಬಲಿಯಾದದ್ದು ಉಪ್ಪಿನಕಾಯಿ ಭರಣಿ. ಒಂದೇ ಕೈಯಲ್ಲಿ ತೆಗೆಯಲು ಬರುವ ಹಾಗೆ ಅದರ ಮುಚ್ಚಳಕ್ಕೆ ಸ್ಪ್ರಿಂಗು ಹಾಕಿದೆ. ಮರುದಿನ ನನ್ನ ಹೆಂಡತಿ ಪರಮೇಶ್ವರಿ ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು ಬಂದು ನಿಂತಳು.

"ಹೆಂಗದೆ ಹೊಸ ಮುಚ್ಚಳ?" ಎಂದೆ.

"ಅಡ್ಡಿಲ್ಲ. ತೆಗೆಯುಕೆ ಒಂದೇ ಕೈ ಸಾಕು. ಆ ಕೈ ಬಿಡಿಸ್ಕಣುಕೆ ಮಾತ್ರ ಬೇರೆ ಇಬ್ರು ಬೇಕು."

ಹೊಸ ವಿಚಾರಗಳನ್ನು ಮನೆಯವರು ಒಪ್ಪುವುದು ನಿಧಾನ. ನಾನು ಎದೆಗುಂದಲಿಲ್ಲ.

ಅಷ್ಟರಲ್ಲಿ ಮಳೆಗಾಲ ಬಂತು, ನಮ್ಮ ದೊಡ್ಡವ್ವ ಹಿತ್ತಲಲ್ಲಿ ಜಾರಿ ಬಿದ್ದಳು. ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ, ಹೊನ್ನಮ್ಮ. ನಾನು ತೊಟ್ಟಿಲಲ್ಲಿರುವಾಗಲೇ ಅವ್ವ ಹೋದಳಂತೆ. ಅಂದಿನಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಇವಳು. ದಿನವಿಡೀ ಏನಾದರೊಂದು ಮಾಡುತ್ತ, ಮಾಡುತ್ತಲೇ ಏನಾದರೊಂದು ಹಾಡು ಹೇಳುತ್ತ ಇರುವ ಜೀವ. ಎಲುಬು ಮುರಿದಿಲ್ಲ ಎಂದು ಡಾಕ್ಟರು ಹೇಳಿದರು. ಆದರೆ ಆ ಮಾತನ್ನು ಅವಳ ಮೊಣಕಾಲು ನಂಬಲಿಲ್ಲ. ನಮ್ಮ ಸಂಡಾಸು ಇದ್ದದ್ದು ಹಿತ್ತಲಿನ ತುದಿಗೆ, ಬಾವಿಯನ್ನೂ ದಾಟಿ. ದಾರಿಯಲ್ಲಿ ಪಾಚಿಗಟ್ಟಿದ ಚಿರೆಕಲ್ಲಿನ ಮೆಟ್ಟಿಲು ಬೇರೆ. ಪ್ರತಿ ಸಲವೂ "ತಂಗೀ, ಒಂದು ಕೈ ಹಿಡಿ" ಎಂದು ಪರಮೇಶ್ವರಿಯನ್ನು ಕರೆಯಬೇಕಾಯಿತು.

ಕೆಲವು ದಿನ ಕಳೆದ ಮೇಲೆ ನೋಡುತ್ತೇನೆ, ದೊಡ್ಡವ್ವ ಮಧ್ಯಾಹ್ನದ ಚಾ ಬಿಟ್ಟಿದ್ದಾಳೆ. ಊಟಕ್ಕೆ ಕೂತರೆ ನೀರು ಮುಟ್ಟುವುದಿಲ್ಲ.

"ಎಂತಕ್ಕೆ ದೊಡ್ಡವ್ವ, ಚಾ ಸೇರುದಿಲ್ವಾ?"

"ಸೇರ್ತದೆ ತಮಾ. ಕುಡಿದ್ರೆ ಮತ್ತೆ ತಂಗಿಯ ಕರೀಬೇಕಲ್ಲಾ. ಅದು ಒಲೆ ಮುಂದೆ ಇರ್ತದೆ, ನಾ ಕೂಗ್ತೆ. ನಂಗೇ ನಾಚ್ಕೆ ಆಗ್ತದೆ."

ಯಾರ ಹಂಗಿಲ್ಲದೆ ಬದುಕಿದವಳು ಒಂದು ಲೋಟ ನೀರಿಗೆ ಹೆದರುವಂತಾಯಿತಲ್ಲ ಎಂದು ಕಣ್ಣಲ್ಲಿ ನೀರೇ ಬಂತು. ಅವಳೇ ಸಮಾಧಾನ ಹೇಳಿದಳು. "ನೀ ಬೇಜಾರು ಮಾಡ್ಕಣಬೇಡ. ಆ ದಾರಿ ಬದಿಗೆ ಒಂದು ಬಿದಿರಗಳ ಕಟ್ಸಿಕೊಡು. ಹಿಡ್ಕಂಡು ನಾನೇ ಹೋತೆ, ನಾನೇ ಬತ್ತೆ. ಅಷ್ಟಾದ್ರೆ ಆತು."

ಬಿದಿರಗಳ! ಬರೀ ಒಂದು ಬಿದಿರಿನ ಕೋಲು! ನಾನು ನಕ್ಕುಬಿಟ್ಟೆ. ಮುಂಬಯಿ ಕಂಡುಬಂದ ಡ್ರಾಯಿಂಗ್ ಮಾಸ್ತರನ ದೊಡ್ಡವ್ವ ಮಳೆಯಲ್ಲಿ ನೆನೆಯುತ್ತ ಬಿದಿರು ಹಿಡಿದುಕೊಂಡು ಹೋಗುವುದೇ? "ದೊಡ್ಡವ್ವ, ನೀನು ಸಂಡಾಸಿಗೆ ಹೋಗುವುದಲ್ಲ. ಸಂಡಾಸೇ ನಿನ್ನ ಹತ್ತಿರ ಬರ್ತದೆ" ಎಂದು ಘೋಷಿಸಿದೆ. ಅವಳು ಗಾಬರಿಯಿಂದ ಪರಮೇಶ್ವರಿಯ ಮುಖ ನೋಡಿದಳು.

ಆ ಭಾನುವಾರವೇ ದೇವಪ್ಪ ಆಚಾರಿಯನ್ನು ಕರೆಸಿದೆ. ಹಲಸಿನ ಮರದ ಕುರ್ಚಿ. ಬೆನ್ನಿಗೆ ಬೆತ್ತದ ಹೆಣಿಗೆ. ಕೂರುವ ಜಾಗದಲ್ಲಿ ದುಂಡನೆಯ ತೂತು, ಅದರ ಕೆಳಗೆ ಹೊಚ್ಚ ಹೊಸ ಬಿಳಿ ಎನಾಮಲ್ ಬೋಗುಣಿ. ತೂತಿನ ಮೇಲೆ ಜಾರುವ ಹಲಗೆ. ಈ ಹಲಗೆಯಲ್ಲೇ ಇತ್ತು ನನ್ನ ಜಾಣ್ಮೆಯೆಲ್ಲ. ಬಗ್ಗುವುದು ಬೇಡ, ಏಳುವುದು ಬೇಡ. ಬಲಗೈ ಇಡುವಲ್ಲಿ ಹಿಡಿಯಲು ಒಂದು ದುಂಡನೆಯ ಮರದ ಗುಬುಟು. ಅದನ್ನು ಮುಂದಕ್ಕೆ ಎಳೆದರೆ ಸಾಕು, ಹಲಗೆ ಹಿಂದಕ್ಕೆ ಸರಿದು ದಾರಿ ಬಿಡುತ್ತದೆ. ನಕ್ಷೆ ನೋಡಿ ದೇವಪ್ಪ ಆಚಾರಿ ಎರಡು ಸಲ ತಲೆ ಕೆರೆದುಕೊಂಡ. ಆಮೇಲೆ ಅಳತೆಕೋಲು ಹಿಡಿದು ದೊಡ್ಡವ್ವನ ಹತ್ತಿರ ಹೋದ.

ದೊಡ್ಡವ್ವ ಕೂತಲ್ಲಿಂದಲೇ ಹಿಂದೆ ಸರಿದಳು. "ಎಂತದೋ ಅದು? ಜೀವ ಇದ್ದವರ ಮೈ ಅಳೀತ್ರಾ? ಆಚಾರಿ ಬಂದು ಅಡಿಯಿಂದ ಮುಡಿವರೆಗೆ ಅಳೆಯುದು ಕಡೇ ಸಲ ಒಂದೇ. ಅದಕ್ಕೆ ನಾ ಇನ್ನೂ ತಯಾರಿಲ್ಲ."

ಆಚಾರಿ ಅಳತೆಕೋಲನ್ನು ಬೆನ್ನ ಹಿಂದೆ ಅಡಗಿಸಿಕೊಂಡ. "ಅವರು ಹೇಳುದೂ ಖರೇ ಮಾಸ್ತರ್ರೇ. ಚಟ್ಟಕ್ಕೆ ಹಂಗೇ ಅಳೆಯುದು."

"ಹೊಲಿಗೆಯವನು ಅಳೆಯುವುದಿಲ್ಲವೇ?" ಎಂದು ನಾನು ವಾದಿಸಿದೆ.

"ನನ್ನ ಕುಪ್ಪಸ ನಾನೇ ಹೊಲ್ಕಂತೆ" ಎಂದಳು ದೊಡ್ಡವ್ವ. ವಾದ ಅಲ್ಲಿಗೇ ಮುಗಿಯಿತು.

ಮಹತ್ತಾದ ಕೆಲಸ ಇಂಥ ಚಿಕ್ಕ ಕಾರಣಕ್ಕೆ ನಿಲ್ಲಬಾರದು. ನಾನೇ ಒಂದು ಸ್ಟೂಲಿನ ಮೇಲೆ ಕೂತು, "ನನ್ನ ಅಳತೆ ತಗೋ ಆಚಾರಿ. ನಾನು ಅವಳು ಸಾಕಿದ ಮಗನೇ ತಾನೇ" ಎಂದೆ. ಮೊಣಕಾಲಿನ ಎತ್ತರ, ಮೊಣಕೈಯ ಎತ್ತರ, ಬೆನ್ನು, ತೊಡೆ, ಎಲ್ಲ ನನ್ನವೇ. ಹಾಗೆ ನೋಡಿದರೆ ದೊಡ್ಡವ್ವ ನನ್ನ ಎದೆಯವರೆಗೂ ಬರುವುದಿಲ್ಲ. ಆ ಸಣ್ಣ ಸಂಗತಿ ಆ ಹೊತ್ತಿಗೆ ತಲೆಗೆ ಹೊಳೆಯಲಿಲ್ಲ.

ಕುರ್ಚಿ ಬಂತು. ಏನು ಕುರ್ಚಿ! ಪಾಲಿಶಿನಲ್ಲಿ ಮುಖ ಕಾಣುತ್ತಿತ್ತು. ಕೈಗಳ ತುದಿಗೆ ನಾನೇ ಬರೆದುಕೊಟ್ಟ ಹೂಬಳ್ಳಿ. ದೊಡ್ಡವ್ವನನ್ನು ಇಬ್ಬರೂ ಹಿಡಿದು ಕೂರಿಸಿದೆವು. ಅವಳ ಕಾಲು ನೆಲಕ್ಕೆ ಮುಟ್ಟದೆ ತೂಗಾಡಿತು. ಗುಬುಟಿನ ವರೆಗೆ ಕೈ ಹೋಗಲಿಲ್ಲ. ತೊಟ್ಟಿಲ ಮಗುವಿನ ಹಾಗೆ ಕೂತು ಸುತ್ತ ನೋಡಿದಳು.

"ತಮಾ, ಈ ಕಡೆಗೆ ದೇವ್ರ ಕೋಣೆ. ಆ ಕಡೆಗೆ ಒಲೆ. ನಡುವೆ ನಾ ಕೂತ್ಕಂಡು..." ಎಂದು ನಿಲ್ಲಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಮತ್ತೆ ಈ ಬೋಗುಣಿ ಎತ್ತುದು ಯಾರು?"

ಈ ಪ್ರಶ್ನೆ ನನ್ನ ನಕ್ಷೆಯಲ್ಲಿ ಇರಲಿಲ್ಲ. ನಾನು ಪರಮೇಶ್ವರಿಯ ಕಡೆ ನೋಡಿದೆ. "ನಾ ಎತ್ತತೆ ದೊಡ್ಡವ್ವ, ಅದಕ್ಕೆಂತ" ಎಂದು ಅವಳೇನೋ ಕೂಡಲೇ ಹೇಳಿದಳು. ದೊಡ್ಡವ್ವ ತಲೆ ಅಲ್ಲಾಡಿಸಿದಳು.

"ಬ್ಯಾಡ ತಂಗಿ. ಕೈ ಹಿಡಿಸ್ಕಣುದೇ ನಾಚ್ಕೆ. ಬೋಗುಣಿ ಹೊರಿಸುದು ಅದಕ್ಕಿಂತ ನಾಚ್ಕೆ. ನನ್ನ ಕೆಳಗೆ ಇಳಿಸಿ."

ಇಳಿಸಿದೆವು. ಆಮೇಲೆ ಪರಮೇಶ್ವರಿ ನನ್ನನ್ನು ಅಡುಗೆಮನೆಗೆ ಕರೆದು, "ತೆಂಗಿನಕಾಯಿ ಕೊಯ್ಯುವ ಶನಿಯಾರನ ಕರ್ಸ್ತೆ. ಅವನ ಹತ್ರ ಆ ಬಿದಿರಗಳ ಕಟ್ಸುವಾ" ಎಂದಳು. "ಎಂತದೂ ಬೇಡ. ಅಭ್ಯಾಸವಾದರೆ ಅವಳೇ ಕುರ್ಚಿಗೆ ಒಪ್ಪುತ್ತಾಳೆ" ಎಂದು ಬಾಯಿ ಮುಚ್ಚಿಸಿದೆ. ಆ ದಿನವೂ ದೊಡ್ಡವ್ವ ಚಾ ಕುಡಿಯಲಿಲ್ಲ. ಕುರ್ಚಿಯನ್ನು ಜಗಲಿಗೆ ಸಾಗಿಸಿದ್ದಾಯಿತು. ಅಕ್ಕಪಕ್ಕದವರು ಬಂದು ತೂತಿನ ಕತೆ ಕೇಳಿಯಾರು ಎಂಬ ಹೆದರಿಕೆಗೆ ಪರಮೇಶ್ವರಿ ತಾನೇ ಹಾಕಿದ ಕಸೂತಿಯ ಬಟ್ಟೆಯನ್ನು ಅದರ ಮೇಲೆ ಹೊದೆಸಿದಳು. ಈಗಂತೂ ಅದು ಸಾಕ್ಷಾತ್ ಸಿಂಹಾಸನವೇ ಆಯಿತು.

ಸಿಂಹಾಸನ ಇದ್ದ ಮೇಲೆ ರಾಜರು ಬರದೇ ಇರುತ್ತಾರೆಯೇ? ನಮ್ಮ ಶಾಲೆಯ ಕಮಿಟಿಯ ಚೇರಮನ್ ವಾಮನ ಪ್ರಭುಗಳು ಒಂದು ಸಂಜೆ ಕೊಡೆ ಮಡಚುತ್ತ ಜಗಲಿ ಹತ್ತಿದರು. ಶಾಲೆಯ ಗ್ಯಾದರಿಂಗಿನ ನಾಟಕಕ್ಕೆ ಹೊಸ ಪರದೆ ಬರೆಸಬೇಕಾಗಿತ್ತಂತೆ. ನಾನು ಬೆಂಚು ಒರೆಸಿ, "ಇಲ್ಲಿ ಕೂತ್ಕಳ್ಳಿ" ಎಂದೆ. ಅವರು ಬೆಂಚಿನ ಕಡೆ ತಿರುಗಿಯೂ ನೋಡಲಿಲ್ಲ. ತುಂಬಿದ ದೇಹದ ಪ್ರಭುಗಳು ನೇರವಾಗಿ ಹೋಗಿ ಕಸೂತಿಯ ಮೇಲೆ ವಿರಾಜಮಾನರಾದರು.

"ಚೇರಮನ್ ಸಾಹೇಬ್ರೇ, ಅದು..."

"ಭಾರಿ ಚಂದ ಕುರ್ಚಿ ಮಾಸ್ತರ್ರೇ. ನನ್ನ ಸೊಂಟಕ್ಕೆ ಇಂಥದ್ದೇ ಬೇಕು ನೋಡಿ, ಬೆಂಚು ಆಗುದೇ ಇಲ್ಲ."

ಇನ್ನು ಏಳಿಸುವುದು ಹೇಗೆ? ಬಾಗಿಲ ಸಂದಿಯಲ್ಲಿ ಪರಮೇಶ್ವರಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತದ್ದು ಕಂಡಿತು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಚಾ ತಂದುಕೊಟ್ಟಳು. ಪ್ರಭುಗಳು ಕಪ್ಪು ಬಸಿ ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಕುರ್ಚಿಯ ಕೈಮೇಲೆ ಊರಿ ಪರದೆಯ ವಿಷಯಕ್ಕೆ ಬಂದರು. ಪರದೆಯ ಮೇಲೆ ಯಾಣದ ಬಂಡೆ ಬರೆಯಬೇಕು, ನೋಡಿದವರಿಗೆ ಎದೆ ಝಲ್ಲೆನ್ನಬೇಕು ಎಂಬುದು ಅವರ ಆಸೆ.

"ಬಂಡೆ ಹೆಂಗೆ ಬರಬೇಕು ಅಂದ್ರೆ ಮಾಸ್ತರ್ರೇ" ಎಂದು ಗುಬುಟನ್ನು ಸವರತೊಡಗಿದರು. ನನ್ನ ಜೀವ ಬಾಯಿಗೆ ಬಂತು. "ನೆಲದಿಂದ ಹಿಂಗೆ ಎದ್ದು..." ಎಂದು ಗುಬುಟನ್ನು ಗಟ್ಟಿಯಾಗಿ ಹಿಡಿದು ಮುಂದಕ್ಕೆ ಎಳೆದರು.

ನನ್ನ ಜಾಣ್ಮೆ ಒಂದಿಷ್ಟೂ ಕೈಕೊಡಲಿಲ್ಲ. ಹಲಗೆ ಬೆಣ್ಣೆಯಂತೆ ಜಾರಿತು. ಮೇಲೇಳಬೇಕಾಗಿದ್ದ ಬಂಡೆ ಕೆಳಗೆ ಇಳಿಯಿತು! ಕಸೂತಿಯೂ ಪ್ರಭುಗಳೂ ಒಟ್ಟಿಗೇ ತೂತಿನೊಳಗೆ ಹೋಗಿ ಬೋಗುಣಿಯಲ್ಲಿ ನೆಲೆಗೊಂಡರು. ಮೊಣಕಾಲು ಗಲ್ಲಕ್ಕೆ ಬಂತು, ಚಪ್ಪಲಿ ಆಕಾಶ ನೋಡಿತು. ಚಾದ ಕಪ್ಪು ಮಾತ್ರ ಒಂದು ಹನಿ ಚೆಲ್ಲದೆ ಮೇಲೆಯೇ ಇತ್ತು. ಅವರ ಸಮತೋಲನವನ್ನು ನಾನು ಇಂದಿಗೂ ಮೆಚ್ಚುತ್ತೇನೆ.

"ದೇವಾ ರೇ" ಎಂದರು ಪ್ರಭುಗಳು, ಬಹಳ ಸಣ್ಣ ದನಿಯಲ್ಲಿ. "ಮಾಸ್ತರ್ರೇ, ಕಪ್ಪು ತಗಣಿ ಮೊದ್ಲು."

ಕಪ್ಪು ತೆಗೆದುಕೊಂಡೆ. ಆಮೇಲೆ ಕೈ ಹಿಡಿದು ಎಳೆದೆ. ಪ್ರಭುಗಳು ಎದ್ದರು, ಜೊತೆಗೆ ಕುರ್ಚಿಯೂ ಎದ್ದಿತು. ಪರಮೇಶ್ವರಿ ಓಡಿಬಂದು ಕುರ್ಚಿಯ ಕಾಲು ಹಿಡಿದುಕೊಂಡಳು. ಅವಳು ಆ ಕಡೆಗೆ, ನಾನು ಈ ಕಡೆಗೆ, ನಡುವೆ ಶಾಲಾ ಕಮಿಟಿ. ಕೊನೆಗೂ ಹೊರಬಂದ ಚೇರಮನ್ನರು ಕಚ್ಚೆ ಸರಿಮಾಡಿಕೊಂಡು ಬಗ್ಗಿ ನೋಡಿದರು. ತೂತು ನೋಡಿದರು, ಅದರೊಳಗಿನ ಬಿಳಿ ಬೋಗುಣಿ ನೋಡಿದರು, ನನ್ನನ್ನು ನೋಡಿದರು.

"ಮಾಸ್ತರ್ರೇ, ಕುರ್ಚಿ ಕೆಳಗೆ ಈ ಬೋಗುಣಿ ಎಂತಕ್ಕೆ?"

ನಿಜ ಹೇಳಿದರೆ ಊರಿನ ದೊಡ್ಡ ಮನುಷ್ಯರನ್ನು ಎಂಥಾದ್ದರ ಮೇಲೆ ಕೂರಿಸಿದೆ ಎಂಬ ಕತೆ ದೂರದ ಸಂತೆಗುಳಿಯವರೆಗೂ ಹೋಗುತ್ತದೆ. ಆಗ ಒಳಗಿನಿಂದ ಗೋಡೆ ಹಿಡಿದುಕೊಂಡು ನನ್ನ ದೊಡ್ಡವ್ವ ಬಂದಳು. ಮೊಣಕಾಲು ನೋವಿಗೆ ಮುಖ ಕಿವುಚಿದ್ದರೂ ದನಿ ತಣ್ಣಗಿತ್ತು.

"ಅದು ಉಗಿ ಹಿಡಿಯುವ ಕುರ್ಚಿ ಒಡೆಯಾ. ಬೋಗುಣಿಯಲ್ಲಿ ಲಕ್ಕಿಸೊಪ್ಪಿನ ಬಿಸಿನೀರು ಇಡುದು, ಮೇಲೆ ಕೂತ್ಕಂಡು ಕಂಬಳಿ ಹೊದ್ಕಣುದು. ಸೊಂಟದ ನೋವು ಇಳೀತದೆ. ನಮ್ಮ ತಮ ನಂಗೆ ಅಂತ ಮಾಡ್ಸಿದ್ದ."

ಪ್ರಭುಗಳ ಮುಖ ಅರಳಿತು. "ಸೊಂಟದ ನೋವಿಗಾ? ನಂಗೂ ಒಂದ್ಸಲ ಮಾಡಿಕೊಡಿ ಹಾಗಾದ್ರೆ."

ಮತ್ತೇನು! ಪರಮೇಶ್ವರಿ ಬೇಲಿಯ ಲಕ್ಕಿಸೊಪ್ಪು ಕೊಯ್ದು ಕುದಿಸಿದಳು. ಸ್ವಲ್ಪ ಹೊತ್ತಿನಲ್ಲಿ ನಮ್ಮ ಶಾಲಾ ಕಮಿಟಿಯ ಚೇರಮನ್ನರು ಕತ್ತಿನವರೆಗೆ ಕಂಬಳಿ ಹೊದ್ದು, ಹೊಗೆಯಾಡುತ್ತ ಕೂತಿದ್ದರು. ತೂತಿಗೆ ಅಡ್ಡಲಾಗಿ ಎರಡು ಪಟ್ಟಿ ಇಡಲು ಈ ಸಲ ನಾನು ಮರೆಯಲಿಲ್ಲ. ಬೆವರು ಇಳಿದಂತೆ ಅವರ ಕಣ್ಣು ಮುಚ್ಚಿತು. ಎದ್ದಾಗ ಎರಡು ಸಲ ಬಗ್ಗಿ, ಎರಡು ಸಲ ನೆಟ್ಟಗಾಗಿ, "ಮಾಸ್ತರ್ರೇ, ನೀವು ಸಾಮಾನ್ಯ ಆಸಾಮಿ ಅಲ್ಲ. ನಾಳೆ ಇದನ್ನ ಒಂದಿನದ ಮಟ್ಟಿಗೆ ನಮ್ಮನೆಗೆ ಕಳಿಸಿ. ನಮ್ಮ ಆಚಾರಿಗೆ ತೋರಿಸಿ ಇಂಥದ್ದೇ ಒಂದು ಮಾಡಿಸ್ತೆ" ಎಂದು ಕೈಕುಲುಕಿ ಹೋದರು.

ಅವರು ಗೇಟು ದಾಟಿದ ಮೇಲೆ ದೊಡ್ಡವ್ವನ ಕಾಲ ಬಳಿ ಕೂತೆ. "ನನಗಾಗಿ ಸುಳ್ಳು ಹೇಳಿದೆಯಲ್ಲ ದೊಡ್ಡವ್ವ."

"ಸುಳ್ಳು ಎಲ್ಲಿ? ನಿನ್ನ ಕುರ್ಚಿಗೆ ಒಂದು ಕೆಲ್ಸ ಹುಡುಕಿಕೊಟ್ಟೆ. ಸಣ್ಣವನಿದ್ದಾಗ ನೀ ಒಡೆದು ಹಾಕಿದ್ದಕ್ಕೆಲ್ಲಾ ನಿನ್ನ ಅಪ್ಪನ ಮುಂದೆ ಎಂತಾದ್ರೂ ಹೇಳವಳು ನಾನೇ ಅಲ್ದಾ?" ಎಂದು ನನ್ನ ತಲೆ ಸವರಿದಳು. ಆಮೇಲೆ ಮೊಣಕಾಲು ಒತ್ತಿಕೊಳ್ಳುತ್ತ, "ತಂಗೀ, ಒಂದು ಕೈ ಹಿಡಿ" ಎಂದು ಕೂಗಿದಳು.

ಆ ಕೂಗು ನನಗೆ ಕೇಳಿಸಬೇಕಾಗಿತ್ತು. ಆದರೆ ಕಿವಿಯ ತುಂಬ ಪ್ರಭುಗಳ ಹೊಗಳಿಕೆಯೇ ತುಂಬಿತ್ತು. ಮರುದಿನ ಬೆಳಗಾಗುತ್ತಲೇ ಕುರ್ಚಿ ಸಾಗಿಸುವ ಉತ್ಸಾಹದಲ್ಲಿದ್ದೆ. "ಗಾಡಿಯವ ಬರ್ಲಿ, ಇಬ್ರೂ ಕೂಡಿ ಎತ್ತಿ" ಎಂದಳು ಪರಮೇಶ್ವರಿ. ಕಲಾಕೃತಿಯನ್ನು ಗಾಡಿಯವನ ಕೈಗೆ ಕೊಡುವುದೇ? ನಾನೇ ಬಗ್ಗಿದೆ. ಎಲ್ಲಿ ಹಿಡಿಯಲಿ ಎಂದು ನೋಡಿದೆ. ಜಗತ್ತಿನ ಹಿಡಿಕೆಗಳನ್ನೆಲ್ಲ ಸುಧಾರಿಸಲು ಹೊರಟ ನಾನು ಆ ಮಣಭಾರದ ಹಲಸಿನ ಕುರ್ಚಿಗೆ ಎತ್ತುವ ಹಿಡಿಕೆಯನ್ನೇ ಇಟ್ಟಿರಲಿಲ್ಲ! ಹೇಗೋ ಬೆರಳು ತೂರಿಸಿ ಎತ್ತಿದೆ. ಸೊಂಟದಲ್ಲಿ ಕಟಕ್ ಎಂದಿತು. ಕುರ್ಚಿ ಇದ್ದಲ್ಲೇ ಉಳಿಯಿತು, ನಾನು ಬಗ್ಗಿದಲ್ಲೇ ಉಳಿದೆ.

ಡಾಕ್ಟರು ಬಂದರು, ಚುಚ್ಚಿದರು, ಅಲ್ಲಾಡಬಾರದು ಎಂದರು. ಗೋಡೆಗೆ ಮುಖ ಮಾಡಿ ಮಲಗಿದವನಿಗೆ ಹಿತ್ತಲಿನಿಂದ ಹಾರೆಯ ಸದ್ದು ಕೇಳಿಸಿತು. ನಾನು ಹಾಸಿಗೆ ಹಿಡಿದ ಸಮಯ ನೋಡಿ ಪರಮೇಶ್ವರಿ ಶನಿಯಾರನನ್ನು ಕರೆಸಿಬಿಟ್ಟಿದ್ದಳು. ಕತ್ತು ಮಾತ್ರ ತಿರುಗಿಸಿ ಕಿಟಕಿಯಿಂದ ನೋಡಿದೆ. ಗೂಟ ನೆಟ್ಟು, ಬಿದಿರಗಳ ಕೈಯಲ್ಲಿ ಹಿಡಿದು, "ಎಷ್ಟು ಎತ್ತರಕ್ಕೆ ಕಟ್ಟುದು ಅಮ್ಮಾ?" ಎಂದು ಅವನು ಕೇಳುತ್ತಿದ್ದ. ದೊಡ್ಡವ್ವ ಕೈ ಚಾಚಿ ಗಾಳಿಯಲ್ಲೇ ತೋರಿಸಿದಳು. "ಇಲ್ಲಿಗೆ." ಅಷ್ಟೇ. ಅಳತೆಕೋಲು ಬೇಕಾಗಲಿಲ್ಲ, ಚಟ್ಟದ ನೆನಪೂ ಬರಲಿಲ್ಲ. ಬಿದಿರು ಕಟ್ಟಿ ಆಗುವ ಮೊದಲೇ ಅವಳು ಅದನ್ನು ಹಿಡಿದು ನಡೆಯತೊಡಗಿದ್ದಳು. ಬಾವಿಯ ಬದಿಯಿಂದ ಹಾಡು ಕೇಳಿಸಿತು. ಮಳೆಗಾಲ ಹಿಡಿದ ಮೇಲೆ ಅದೇ ಮೊದಲ ಹಾಡು.

ಆ ಮಧ್ಯಾಹ್ನ ದೊಡ್ಡವ್ವ ಎರಡು ಲೋಟ ಚಾ ಕುಡಿದಳು. ಸಂಭ್ರಮಕ್ಕೆ ನನಗೂ ಎರಡು ಲೋಟ ಕುಡಿಸಿದಳು. ಕುಡಿಯುವಾಗ ನಾನು ಮುಂದಿನ ವಿಚಾರ ಮಾಡಲಿಲ್ಲ.

ಮುಂದಿನದು ಬಂದೇ ಬಂತು. ಗೋಡೆ ಹಿಡಿದು ಹಿತ್ತಲ ಬಾಗಿಲವರೆಗೆ ತೆವಳಿದೆ. ಬಿದಿರಗಳಕ್ಕೆ ಕೈ ಚಾಚಿದೆ. ಅದು ದೊಡ್ಡವ್ವನ ಎತ್ತರದ್ದು, ನನಗೆ ಸಿಗಬೇಕಾದರೆ ಬಗ್ಗಬೇಕು. ಬಗ್ಗಿದರೆ ಪ್ರಾಣ ಹೋಗುತ್ತದೆ. ಬೆವರುತ್ತ ಅಲ್ಲೇ ನಿಂತೆ. ಪರಮೇಶ್ವರಿ ಜಗಲಿಗೆ ಹೋದಳು. ಕುರ್ಚಿ ನೆಲದ ಮೇಲೆ ಎಳೆದುಬರುವ ಸದ್ದು ಕೇಳಿಸಿತು.

"ಬೇಡ" ಎಂದೆ. "ಈ ಕಡೆಗೆ ದೇವರ ಕೋಣೆ, ಆ ಕಡೆಗೆ ಒಲೆ..."

"ಹಿತ್ತಲ ಚಾವಡಿಗೆ ಇಟ್ಟಿದೆ, ಅಡ್ಡಿಲ್ಲ. ಕೂತ್ಕಳ್ಳಿ" ಎಂದು ಕೂರಿಸಿ ಒಳಗೆ ಹೋದಳು.

ಕೂತೆ. ಏನು ಹೇಳಲಿ! ಪಾದ ನೆಲಕ್ಕೆ ಹದವಾಗಿ ಊರಿತು. ಮೊಣಕೈಗೆ ಹದವಾದ ಆಸರೆ. ಬೆನ್ನಿಗೆ ಬೆತ್ತ ಒರಗಿದ ಕೂಡಲೇ ನೋವು ಅರ್ಧ ಇಳಿಯಿತು. ಬಲಗೈ ತಾನಾಗಿ ಗುಬುಟಿನ ಮೇಲೆ ಬಂತು. ವಸ್ತು ಮನುಷ್ಯನಿಗೆ ಹೊಂದಿಕೊಳ್ಳುವುದೆಂದರೆ ಏನು ಎಂದು ಆ ಹೊತ್ತು ನನಗೆ ಪೂರ್ತಿ ಅರ್ಥವಾಯಿತು. ಅದಕ್ಕೆ ಮೊದಲು ಮಾಡಬೇಕಾದ ಕೆಲಸ ಏನು, ಆ ಸೂಟಿನವರು ನಾನು ದೋಸೆಗೆ ಎದ್ದ ಮೇಲೆ ಏನು ಹೇಳಿರಬಹುದು ಎಂಬುದೂ ದೊಡ್ಡವ್ವನನ್ನೇ ಕೇಳಿ ಕಟ್ಟಿದ ಬಿದಿರಗಳವನ್ನು ನೋಡುತ್ತ ಕೂತವನಿಗೆ ಅರ್ಥವಾಯಿತು.

ಆಮೇಲೆ ಒಂದು ಸಣ್ಣ ತೊಂದರೆ ಉಳಿಯಿತು. ಬಗ್ಗಲು ಬರುವುದಿಲ್ಲ, ಕರೆಯಲು ಬಾಯಿ ಬರುವುದಿಲ್ಲ. ಹಲಗೆ ಮುಚ್ಚಿ ಅದರ ಮೇಲೆಯೇ ಮುಖ ತಗ್ಗಿಸಿ ಕೂತಿದ್ದೆ. ಬಿದಿರಗಳ ಹಿಡಿದುಕೊಂಡು ದೊಡ್ಡವ್ವ ಹಿತ್ತಲಿಂದ ಮೇಲೆ ಬಂದಳು. ಮುಖ ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು.

"ದೊಡ್ಡವ್ವ, ಈ ಬೋಗುಣಿ..." ಎಂದು ತೊದಲಿದೆ.

"ನಾಚ್ಕೆ ಎಂತಕ್ಕೆ ತಮಾ?" ಎಂದು ಅವಳು ಬಗ್ಗಿ ಬೋಗುಣಿ ಎಳೆದುಕೊಂಡಳು. ಒಂದು ಕೈಯಲ್ಲಿ ಬೋಗುಣಿ, ಇನ್ನೊಂದು ಕೈಯಲ್ಲಿ ಬಿದಿರಗಳ. ಹೊರಟವಳು ತಿರುಗಿ ನೋಡಿ ನಕ್ಕಳು.

"ತೊಟ್ಟಿಲಲ್ಲಿ ಇದ್ದಾಗಿಂದ ನಿಂದು ಎತ್ತಿದವಳು ನಾನೇ. ಆಗ ನೀ ನಕ್ಷೆ ಬರ್ದಿರಲಿಲ್ಲ, ಅಷ್ಟೇ."